ಬೆಲೆ ಹೇಳುವ ಬಾಯಿ

ಇವತ್ತು ನಿಮ್ಮನ್ನು ಸಂತೆಗೆ ಕರೆದುಕೊಂಡು ಹೋಗುತ್ತೇನೆ. ನಮ್ಮ ಕಡೆಯ ಬಾಯಲ್ಲಿ ಅದು ಸಂತಿ. ಕೈಯಲ್ಲೊಂದು ಚೀಲ ಹಿಡಿದುಕೊಳ್ಳಿ. ಕಿಸೆಯಲ್ಲಿ ಚಿಲ್ಲರೆ ಇರಲಿ. ನಾವು ಹೋಗುವುದು ಬೈಲಹೊಂಗಲಕ್ಕೆ. ಹೋಗುವಾಗ ಕಿತ್ತೂರು ಹಾಯೋಣ. ಆಮೇಲೆ ಸವದತ್ತಿ, ರಾಮದುರ್ಗದ ಕಡೆ ಒಂದು ಸುತ್ತು ಹಾಕೋಣ.

ಸಂತೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಬೆಳಗಿನ ಆರು ಗಂಟೆ ಎಂದುಕೊಳ್ಳಿ. ಇನ್ನೂ ನಸುಗತ್ತಲು. ಟೆಂಪೋದ ಹಿಂಬಾಗಿಲಿನ ಸರಪಳಿ ಬಿಚ್ಚಿ ಬೀಳುವ ಸದ್ದು. ತಾಡಪಾಲು ಕೊಡವುವ ಸದ್ದು. ಕಬ್ಬಿಣದ ತೂಕದ ಕಲ್ಲುಗಳು ಒಂದಕ್ಕೊಂದು ತಾಗುವ ಸದ್ದು. ಎಲ್ಲೋ ಒಂದು ಸ್ಟೋವಿನ ಭರಭರ. ಅದರ ಮೇಲೆ ಚಹ ಕುದಿಯುತ್ತಿದೆ. ಇವೆಲ್ಲದರ ನಡುವೆ ಒಂದು ಹೆಣ್ಣುದನಿ ಮೇಲೇಳುತ್ತದೆ. ‘ಮೆಂತೆ ಹತ್ತಕ್ಕೊಂದ, ಮೆಂತೆ ಹತ್ತಕ್ಕೊಂದ.’

ಆ ಕೂಗನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಅದರಲ್ಲಿ ಇರುವುದು ಎರಡೇ. ಮಾಲಿನ ಹೆಸರು, ಅದರ ಬೆಲೆ. ಕೂಗುತ್ತಿರುವವಳು ಆ ಮೆಂತೆಯನ್ನು ಬಿತ್ತಿದವಳು. ನೀರು ಹಾಯಿಸಿದವಳು. ಕಿತ್ತು ಪೆಂಡಿ ಕಟ್ಟಿದವಳು. ಈಗ ಅದರ ಬೆಲೆಯನ್ನೂ ಅವಳೇ ಹೇಳುತ್ತಿದ್ದಾಳೆ.

ಬೆಳೆದವರ ಬಾಯಿಂದ ಬೆಲೆ ಹೊರಡುವ ಜಾಗಗಳು ನಮ್ಮಲ್ಲಿ ಎಷ್ಟು ಉಳಿದಿವೆ? ಇವತ್ತು ನಾನು ನಿಮ್ಮ ಮುಂದೆ ಇಡುವುದು ಈ ಒಂದೇ ಪ್ರಶ್ನೆ.

ಮೊದಲು ಈ ಸೀಮೆಯ ಪರಿಚಯ ಮಾಡಿಕೊಳ್ಳೋಣ. ಈ ನಾಲ್ಕು ಊರುಗಳ ಸೀಮೆಯನ್ನು ಒಂದು ಹೊಳೆ ಹೊಲಿದಿದೆ. ಅದು ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಪಡುವಣದಿಂದ ಮೂಡಣಕ್ಕೆ ಅದರ ಜೊತೆ ನಡೆದರೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಮಣ್ಣು ಕಪ್ಪಾಗುತ್ತ ಹೋಗುತ್ತದೆ. ಸಂತೆಯ ಬುಟ್ಟಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಕಿತ್ತೂರು ಮಲೆನಾಡಿನ ಸೆರಗಿಗೆ ಹತ್ತಿರ. ಅಲ್ಲಿ ಭತ್ತ ಉಂಟು. ಬೈಲಹೊಂಗಲಕ್ಕೆ ಬಂದರೆ ಎರಿ ಹೊಲ. ಜೋಳ, ಹತ್ತಿ, ಕಡಲೆ ಅಲ್ಲಿಯ ಹಳೆಯ ಬೆಳೆಗಳು. ಈಗ ಸೋಯಾ ಮತ್ತು ಕಬ್ಬು ಜೊತೆಗೂಡಿವೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಹೊಳೆಗೆ ಅಣೆಕಟ್ಟು ಕಟ್ಟಿದ್ದಾರೆ. ಅದರ ಹಿಂದಿನ ರೇಣುಕಾಸಾಗರದಲ್ಲಿ ಸುಮಾರು 37 ಟಿಎಂಸಿ ನೀರು ನಿಲ್ಲುತ್ತದೆ. ಅಲ್ಲಿಂದ ಕೆಳಗೆ ರಾಮದುರ್ಗ. ಅದು ಒಣಸೀಮೆ. ಆದರೆ 2019ರ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ರಾಮದುರ್ಗದ ದಂಡೆಯ ಊರುಗಳಿಗೆ ನುಗ್ಗಿತ್ತು. ಒಣಸೀಮೆಯ ಜನ ನೆರೆಯಲ್ಲಿ ಮನೆ ಕಳೆದುಕೊಂಡರು.

ಸೀಮೆ ಹೀಗಿದೆ. ಈಗ ಬೈಲಹೊಂಗಲದ ಸಂತೆಯೊಳಗೆ ಕಾಲಿಡೋಣ.

ಇದು ರಾಣಿ ಚನ್ನಮ್ಮನ ಸಮಾಧಿ ಇರುವ ಊರು. 1824ರಲ್ಲಿ ಕಿತ್ತೂರಿನಲ್ಲಿ ಕಂಪನಿ ಸರಕಾರವನ್ನು ಎದುರಿಸಿ ನಿಂತ ರಾಣಿ ಕೊನೆಯ ದಿನಗಳನ್ನು ಸೆರೆಯಲ್ಲಿ ಕಳೆದದ್ದು ಇಲ್ಲೇ. 1829ರಲ್ಲಿ ತೀರಿಕೊಂಡದ್ದೂ ಇಲ್ಲೇ. ಸಂತೆಗೆ ಬಂದ ಹಳ್ಳಿಯ ಹೆಣ್ಣುಮಕ್ಕಳು ಆ ಹೆಸರನ್ನು ಮನೆಯ ಹಿರಿಯಳ ಹೆಸರಿನಂತೆ ಹೇಳುತ್ತಾರೆ. ಚನ್ನವ್ವ ಎನ್ನುತ್ತಾರೆ.

ಸಂತೆಗೆ ಗೋಡೆ ಇಲ್ಲ, ಬಾಗಿಲು ಇಲ್ಲ. ಆದರೂ ಅದಕ್ಕೊಂದು ವ್ಯವಸ್ಥೆ ಇದೆ. ಕಾಳಿನವರು ಒಂದು ಕಡೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಒಂದು ಕಡೆ. ಒಣಮೆಣಸಿನಕಾಯಿ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಅದರಾಚೆ ಹಗ್ಗ, ಮಗಡ, ಬಾರುಕೋಲು. ಚುರುಮುರಿ, ಮಿರ್ಚಿಭಜಿಯ ಅಂಗಡಿಗಳು ಅಂಚಿನಲ್ಲಿ. ಮಧ್ಯದಲ್ಲಿ, ನೆಲದ ಮೇಲೆ, ಒಂದು ಗೋಣಿತಟ್ಟು ಹಾಸಿಕೊಂಡು ಕಾಯಿಪಲ್ಲೆಯ ಹೆಣ್ಣುಮಕ್ಕಳು. ಯಾರ ಜಾಗ ಎಲ್ಲಿ ಎಂದು ಯಾವ ಹಲಗೆಯಲ್ಲೂ ಬರೆದಿಲ್ಲ. ಆದರೆ ಎಲ್ಲರಿಗೂ ಗೊತ್ತು. ಅತ್ತೆ ಕೂತ ಜಾಗದಲ್ಲಿ ಸೊಸೆ ಕೂರುತ್ತಾಳೆ.

ಅವರ ಮುಂದಿನ ಪಲ್ಲೆಗಳ ಹೆಸರು ಹೇಳುತ್ತೇನೆ, ಕೇಳಿ. ಮೆಂತೆ. ಪುಂಡಿಪಲ್ಲೆ. ಸಬ್ಬಸಗಿ. ರಾಜಗಿರಿ. ಕಿರಕಸಾಲಿ. ಹಕ್ಕರಕಿ. ಚಳಿಗಾಲದಲ್ಲಾದರೆ ಕಡಲೆಯ ಸುಲಗಾಯಿ. ಹಕ್ಕರಕಿಯನ್ನು ಬಿತ್ತುವವರು ಅಪರೂಪ. ಹಿಂಗಾರಿ ಹೊಲದಲ್ಲಿ ತಾನೇ ಹುಟ್ಟುತ್ತದೆ. ಕಳೆ ತೆಗೆಯಲು ಹೋದವಳು ಅದನ್ನು ಉಡಿಯಲ್ಲಿ ತುಂಬಿಕೊಂಡು ಬರುತ್ತಾಳೆ. ಜೋಳದ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಸೊಪ್ಪು ಅದು. ದೊಡ್ಡ ಅಂಗಡಿಯ ತಂಪುಪೆಟ್ಟಿಗೆಯಲ್ಲಿ ಹಕ್ಕರಕಿ ನಿಮಗೆ ಸಿಗಲಾರದು. ಅದನ್ನು ಗುರುತು ಹಿಡಿಯಬಲ್ಲ ಕೊಳ್ಳುವವರು ಇರುವುದು ಇಂಥ ಸಂತೆಯಲ್ಲಿ.

ನನ್ನ ತಾಯಿ ಬಹಳ ವರ್ಷ ಹೀಗೆ ನೆಲದ ಮೇಲೆ ಕೂತು ಮಾರಿದವಳು. ಬಾವಿಯ ದಂಡೆಯ ನಾಲ್ಕಾರು ಗುಂಟೆಯಲ್ಲಿ ಬೆಳೆದ ಸೊಪ್ಪು, ಬದನಿಕಾಯಿ, ಚವಳಿಕಾಯಿ. ಹಿಂದಿನ ದಿನ ಸಂಜೆ ಕಿತ್ತು, ಪೆಂಡಿ ಕಟ್ಟಿ, ಒದ್ದೆ ಬಟ್ಟೆ ಹೊದಿಸಿ ಇಡುತ್ತಿದ್ದಳು. ಬೆಳಗಿನ ಮೊದಲ ಬಸ್ಸು ಹಿಡಿಯುತ್ತಿದ್ದಳು. ನಾನು ಬುಟ್ಟಿ ಹೊರಲು ಜೊತೆಗೆ ಹೋಗುತ್ತಿದ್ದೆ. ಆಗ ನಾನು ಅವಳನ್ನು ಒಂದು ಮಾತು ಕೇಳಿದ್ದೆ. ‘ಯವ್ವಾ, ಇವತ್ತಿನ ರೇಟು ನಿನಗ ಯಾರ ಹೇಳಿದ್ರು?’

ಅವಳ ಉತ್ತರ ನನಗೆ ಇನ್ನೂ ನೆನಪಿದೆ. ‘ಯಾರ ಹೇಳತಾರೋ ತಮ್ಮಾ. ಬಂದ ಬುಟ್ಟಿ ಎಣಿಸಬೇಕು.’

ಅವಳು ನಿಜವಾಗಿಯೂ ಎಣಿಸುತ್ತಿದ್ದಳು. ಬಸ್ಸಿನಿಂದ ಇಳಿದವಳೇ ಕುಳಿತುಕೊಳ್ಳುತ್ತಿರಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಗೆ ಒಂದು ಸಲ ನಡೆಯುತ್ತಿದ್ದಳು. ಮೆಂತೆ ಎಷ್ಟು ಬುಟ್ಟಿ ಬಂದಿದೆ? ಯಾರ ಪೆಂಡಿ ದಪ್ಪ, ಯಾರದು ಸಣ್ಣ? ರಾತ್ರಿ ಮಳೆ ಬಿದ್ದಿದೆಯೆ? ಬಿದ್ದರೆ ದೂರದ ಹಳ್ಳಿಯವರು ಬಂದಿರುವುದಿಲ್ಲ. ನಾಳೆ ಅಮಾಸಿಯೆ, ಹುಣ್ಣಿಮೆಯೆ? ಹಾಗಿದ್ದರೆ ಕೊಳ್ಳುವವರು ಹೆಚ್ಚು. ಇಷ್ಟನ್ನೂ ಲೆಕ್ಕ ಹಾಕಿ ತನ್ನ ಜಾಗಕ್ಕೆ ಬಂದು ಕೂತು ಬೆಲೆ ಕೂಗುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಪೇಟೆಯ ಬೇಡಿಕೆ, ಪೂರೈಕೆಯನ್ನು ಹತ್ತು ನಿಮಿಷದ ನಡಿಗೆಯಲ್ಲಿ ಅಳೆದು ಮುಗಿಸುತ್ತಿದ್ದಳು. ನಾನು ಮುಂದೆ ಓದಿದ ಅರ್ಥಶಾಸ್ತ್ರ ನನಗೆ ಹೊಸದೆನ್ನಿಸಲಿಲ್ಲ.

ಇನ್ನು ಬೋಣಿಗೆ. ದಿನದ ಮೊದಲ ಮಾರಾಟ. ನಮ್ಮವರ ಬಾಯಲ್ಲಿ ಬೋಣಗಿ. ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಬಾರದು. ಅವನಿಗೆ ಒಂದು ರೂಪಾಯಿ ಕಡಿಮೆಗಾದರೂ ಕೊಡಬೇಕು. ಬಂದ ದುಡ್ಡನ್ನು ಕಣ್ಣಿಗೆ ಒತ್ತಿಕೊಳ್ಳಬೇಕು.

ಆಮೇಲೆ ಕೊಸರು. ಈ ಮಾತಿನ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ತೂಕ ಮುಗಿದ ಮೇಲೆ ಮಾರುವವಳು ಮೇಲೊಂದು ಹಿಡಿ ಹಾಕುತ್ತಾಳೆ. ಎರಡು ಬದನಿಕಾಯಿ, ನಾಲ್ಕು ಹಸಿಮೆಣಸಿನಕಾಯಿ, ಒಂದು ಎಸಳು ಕರಿಬೇವು. ಅದಕ್ಕೆ ದುಡ್ಡಿಲ್ಲ. ಕೊಳ್ಳುವವರು ಹಕ್ಕಿನಿಂದಲೇ ಕೇಳುತ್ತಾರೆ. ‘ಕೊಸರು ಹಾಕು ಯಕ್ಕಾ.’ ಅವಳು ಗೊಣಗುತ್ತಲೇ ಹಾಕುತ್ತಾಳೆ. ‘ನಿಮ್ಮ ಕೊಸರಿನ್ಯಾಗ ನನ್ನ ಬುಟ್ಟಿ ಖಾಲಿ ಆತ್ರೀ.’ ಹಾಗೆಂದವಳೇ ಮುಂದಿನ ವಾರ ನೀವು ಕಾಣದಿದ್ದರೆ ಕೇಳುತ್ತಾಳೆ. ‘ಹೋದ ಸಂತಿಗೆ ಬಂದಿರಲಿಲ್ಲಲ್ರೀ? ಮನ್ಯಾಗ ಆರಾಮ ಅದಾರಿಲ್ಲೋ?’

ಕೊಸರು ಎನ್ನುವುದು ರಿಯಾಯಿತಿ ಅಲ್ಲ ಎಂದು ನಾನು ನಂಬುತ್ತೇನೆ. ರಿಯಾಯಿತಿಯಲ್ಲಿ ಬೆಲೆ ಇಳಿಯುತ್ತದೆ. ಕೊಸರಿನಲ್ಲಿ ಬೆಲೆ ನಿಂತಲ್ಲೇ ನಿಲ್ಲುತ್ತದೆ, ಕೈ ಮಾತ್ರ ಸಡಿಲವಾಗುತ್ತದೆ. ಬೆಲೆಯನ್ನು ತಾನೇ ಹೇಳಿದವಳಿಗೆ ಮಾತ್ರ ಕೊಸರು ಹಾಕುವ ಅಧಿಕಾರ ಇರುತ್ತದೆ.

ಹೊತ್ತು ಏರಿದಂತೆ ಬೆಲೆ ಬದಲಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಒಂದು ಇದ್ದ ಪೆಂಡಿ ಮಧ್ಯಾಹ್ನ ಹತ್ತಕ್ಕೆ ಎರಡು. ಬಿಸಿಲಿಗೆ ಎಲೆ ಬಾಡುತ್ತದೆ. ಸಂಜೆ ಊರಿಗೆ ಹೋಗುವ ಬಸ್ಸಿನ ಹೊತ್ತು ಹತ್ತಿರ ಬಂದರೆ ಹತ್ತಕ್ಕೆ ಮೂರು. ಆಗ ಬರುವ ಗಿರಾಕಿಗಳು ಬೇರೆ. ಅವರು ದಿನಗೂಲಿ ಮುಗಿಸಿ ಕೈಗೆ ದುಡ್ಡು ಬಂದ ಮೇಲೆ ಸಂತೆ ಮಾಡುವವರು. ಸಂತೆ ಅವರಿಗೂ ಒಂದು ಬೆಲೆ ಇಟ್ಟುಕೊಂಡಿರುತ್ತದೆ.

ಕೇಳುಗರೆ, ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಸಂತೆಯಲ್ಲಿ ಬೆಲೆ ಹೇಳುವವರು ಬೆಳೆದವರು. ಅವರು ಬುಟ್ಟಿ ಎಣಿಸಿ ಹೇಳುತ್ತಾರೆ, ಹೊತ್ತು ನೋಡಿ ಇಳಿಸುತ್ತಾರೆ, ಮನಸ್ಸಿದ್ದರೆ ಕೊಸರು ಹಾಕುತ್ತಾರೆ. ಈಗ ಅದೇ ಊರಿನ ಇನ್ನೊಂದು ಪೇಟೆಗೆ ಹೋಗೋಣ. ಅದು ಹತ್ತಿಯ ಪೇಟೆ.

ಬೈಲಹೊಂಗಲದ ಹೆಸರು ಹತ್ತಿಯ ಜೊತೆ ಬೆಳೆದ ಹೆಸರು. ಎರಿ ಮಣ್ಣಿನಲ್ಲಿ ಜಯಧರ ಎಂಬ ನಾಟಿ ಹತ್ತಿ ಬೆಳೆಯುತ್ತಿತ್ತು. ಆಮೇಲೆ ಧಾರವಾಡದಲ್ಲಿ ಡಾಕ್ಟರ್ ಬಿ.ಎಚ್. ಕಟರಕಿ ಅವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ತಳಿ ಮಾಡಿದರು. ಅದು 1972ರಲ್ಲಿ ಬಂತು. ಮುಂದೆ 1981ರಲ್ಲಿ ಡಿಸಿಎಚ್ 32 ಬಂತು. ಅದಕ್ಕೆ ಜಯಲಕ್ಷ್ಮಿ ಎಂಬ ಹೆಸರೂ ಇದೆ. ಉದ್ದ ಎಳೆಯ ಹತ್ತಿ. 2002ರ ನಂತರ ಬಿಟಿ ಹತ್ತಿ ಹೊಲಗಳನ್ನು ತುಂಬಿಕೊಂಡಿತು.

ಹತ್ತಿ ಬಿಡಿಸುವುದು ಕಷ್ಟದ ಕೆಲಸ. ಬಾಗಿದ ನಡು ಎತ್ತಲಾಗದು. ಕಾಯಿಯ ಚೂಪು ತುದಿ ಬೆರಳಿಗೆ ಗೀರುತ್ತದೆ. ಆ ಹತ್ತಿಯನ್ನು ಅಂಡಿಗೆಗಳಲ್ಲಿ ತುಂಬಿ ರೈತ ಪೇಟೆಗೆ ತರುತ್ತಾನೆ. ಅಂಗಳದಲ್ಲಿ ಸುರಿಯುತ್ತಾನೆ. ಕೊಳ್ಳುವವರು ಬರುತ್ತಾರೆ. ಒಂದು ಹಿಡಿ ತೆಗೆದು ಎಳೆ ಎಳೆದು ನೋಡುತ್ತಾರೆ. ಬೀಜ ಕಚ್ಚಿ ನೋಡುತ್ತಾರೆ. ಬೆಲೆ ಹೇಳುತ್ತಾರೆ. ರೈತ ಪಕ್ಕದಲ್ಲಿ ನಿಂತು ಕೇಳುತ್ತಾನೆ.

ವ್ಯತ್ಯಾಸ ನಿಮಗೆ ಕಂಡಿರಬೇಕು. ಮೆಂತೆ ಮಾರುವವಳನ್ನು ನಾವು ಕೇಳುತ್ತೇವೆ: ‘ಹೆಂಗ ಕೊಡ್ತೀ?’ ಹತ್ತಿ ತಂದವನು ತಾನೇ ಕೇಳಬೇಕು: ‘ಹೆಂಗ ತಗೋತೀರಿ?’ ಪ್ರಶ್ನೆ ಕೇಳುವವರು ಅದಲುಬದಲಾಗಿದ್ದಾರೆ.

ಕೃಷಿ ಉತ್ಪನ್ನ ಮಾರುಕಟ್ಟೆಯ ಅಂಗಳಗಳನ್ನು ನಾನು ಹಳಿಯುವುದಿಲ್ಲ. ಅವು ಬರುವ ಮೊದಲು ರೈತನ ಪಾಡು ಇನ್ನೂ ಕೆಟ್ಟದಾಗಿತ್ತು. ತೂಕದಲ್ಲಿ ಮೋಸ, ಲೆಕ್ಕವಿಲ್ಲದ ಕಡಿತ, ಸಾಲ ಕೊಟ್ಟವನಿಗೇ ಮಾಲು ಕೊಡಬೇಕಾದ ಗತಿ. 1966ರ ಕರ್ನಾಟಕದ ಮಾರುಕಟ್ಟೆ ಕಾಯಿದೆ ಇದಕ್ಕೆ ಕಡಿವಾಣ ಹಾಕಲು ಬಂತು. ಸರಿಯಾದ ತೂಕ ಬಂತು, ಬಹಿರಂಗ ಸವಾಲು ಬಂತು, ಬರಹದಲ್ಲಿ ಪಟ್ಟಿ ಬಂತು. 2014ರಿಂದ ಕರ್ನಾಟಕ ಕಂಪ್ಯೂಟರ್ ಮೂಲಕ ಟೆಂಡರು ಹಾಕುವ ಏಕೀಕೃತ ಮಾರುಕಟ್ಟೆಯನ್ನು ಕಟ್ಟತೊಡಗಿತು. 2016ರ ಏಪ್ರಿಲಿನಲ್ಲಿ ಕೇಂದ್ರದ ಆನ್‌ಲೈನ್ ಮಾರುಕಟ್ಟೆ ಇ-ನಾಮ್ ಶುರುವಾಯಿತು. ಇವು ಒಳ್ಳೆಯ ಹೆಜ್ಜೆಗಳು. ಟೆಂಡರಿನ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಮಾಲು ಕೊಡದೆ ಇರಬಹುದು. ಆದರೆ ಬಾಡಿಗೆ ಕೊಟ್ಟು ತಂದ ಹತ್ತಿಯನ್ನು ಬಾಡಿಗೆ ಕೊಟ್ಟು ಹಿಂದಕ್ಕೆ ಒಯ್ಯಲು ಎಷ್ಟು ಜನರಿಗೆ ಆದೀತು? ಬೇಡ ಎನ್ನುವ ಹಕ್ಕು ಕಾಗದದ ಮೇಲಿದೆ. ಅದನ್ನು ಬಳಸುವ ಶಕ್ತಿ ಕೈಯಲ್ಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಅನೇಕ ಮನೆಗಳಲ್ಲಿ ಹತ್ತಿ ಮತ್ತು ಮೆಂತೆ ಒಂದೇ ಮನೆಯ ಬೆಳೆಗಳು. ಹತ್ತಿಯ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ. ಅದು ಸಾಲಕ್ಕೆ, ಗೊಬ್ಬರದ ಬಾಕಿಗೆ ಹೋಗುತ್ತದೆ. ಮೆಂತೆಯ ದುಡ್ಡು ವಾರಕ್ಕೊಮ್ಮೆ ಬರುತ್ತದೆ. ಅದು ಹೆಂಗಸಿನ ಸೊಂಟದ ಚೀಲಕ್ಕೆ ಹೋಗುತ್ತದೆ. ಚಹಪುಡಿ, ಸಕ್ಕರೆ, ಎಣ್ಣೆ, ಮಗುವಿನ ನೋಟುಬುಕ್ಕು, ಮುದುಕರ ಗುಳಿಗೆ, ಎಲ್ಲ ಅದರಿಂದಲೇ. ನನ್ನ ಶಾಲೆಯ ಫೀಜು ತುಂಬಿದ್ದು ಹತ್ತಿಯಲ್ಲ, ಪುಂಡಿಪಲ್ಲೆ.

ಹತ್ತಿಯ ಪೇಟೆಯ ಮಾತು ಮುಗಿಯಿತು. ಅಲ್ಲಿ ಕೊಳ್ಳುವವನ ಬಾಯಿ ಬೆಲೆ ಹೇಳುತ್ತದೆ. ಸಂತೆಯಲ್ಲಿ ಬೆಳೆದವಳ ಬಾಯಿ ಬೆಲೆ ಹೇಳುತ್ತದೆ. ಆದರೆ ಬಾಯಿಯೇ ಮಾತಾಡದ ಒಂದು ಸಂತೆಯೂ ಉಂಟು. ಅದು ದನದ ಸಂತೆ.

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ದನದ ಸಂತೆಗೆ ಮೂಡಲಗಿಯ ಹೆಸರು ದೊಡ್ಡದು. ಇಂಥ ಸಂತೆಗಳಲ್ಲಿ ಒಬ್ಬ ಮಾರುವವನು, ಒಬ್ಬ ದಲಾಲಿ ಎದುರುಬದುರು ನಿಲ್ಲುತ್ತಾರೆ. ಕೈಕೈ ಹಿಡಿದುಕೊಳ್ಳುತ್ತಾರೆ. ಮೇಲೊಂದು ಟವೆಲ್ಲು ಹೊದಿಸುತ್ತಾರೆ. ಹೊರಗೆ ಮಳೆ ಬೆಳೆಯ ಮಾತು ನಡೆಯುತ್ತಿರುತ್ತದೆ. ಒಳಗೆ ಬೆರಳುಗಳು ಬೆಲೆ ಹೇಳುತ್ತಿರುತ್ತವೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಅದು ಸಾವಿರವೋ ಹತ್ತು ಸಾವಿರವೋ ಇಬ್ಬರಿಗೂ ಗೊತ್ತಿರುತ್ತದೆ. ಒಬ್ಬ ತಲೆ ಅಲ್ಲಾಡಿಸುತ್ತಾನೆ. ಇನ್ನೊಬ್ಬ ಬೆರಳು ಬದಲಿಸುತ್ತಾನೆ. ಸುತ್ತ ನಿಂತ ಹತ್ತು ಜನರಿಗೆ ಏನೂ ತಿಳಿಯುವುದಿಲ್ಲ.

ಎತ್ತಿನ ವಯಸ್ಸನ್ನು ಹಲ್ಲಿನಿಂದ ಹೇಳುತ್ತಾರೆ. ಹಾಲಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿ ಕೂಡಿತು ಎನ್ನುತ್ತಾರೆ. ಸುಳಿ ನೋಡುತ್ತಾರೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಖಿಲಾರಿ ಜೋಡಿ ಬಂದರೆ ಕೊಳ್ಳದವರೂ ನಿಂತು ನೋಡುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಇಂಥ ಜೋಡಿಗಳು ವಿರಳವಾದವು. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ದನದ ಸಂತೆಗಳನ್ನೇ ನಿಲ್ಲಿಸಬೇಕಾಯಿತು.

ಟವೆಲ್ಲಿನ ಕೆಳಗಿನ ಬೆಲೆಯನ್ನು ನಾನು ಮೆಚ್ಚುವುದಿಲ್ಲ. ಅದರಲ್ಲಿ ಜಾಣ್ಮೆ ಇದೆ, ಕುತೂಹಲ ಇದೆ. ಆದರೆ ಮುಚ್ಚಿದ ಬೆಲೆ ದಲಾಲಿಗೆ ಅನುಕೂಲ, ಹೊಸದಾಗಿ ಸಂತೆಗೆ ಬಂದ ರೈತನಿಗೆ ಅಲ್ಲ. ಕೂಗಿ ಹೇಳಿದ ಬೆಲೆಯೇ ಲೇಸು. ಅದನ್ನು ಪಕ್ಕದ ಬುಟ್ಟಿಯವಳೂ ಕೇಳಿಸಿಕೊಳ್ಳುತ್ತಾಳೆ.

ಬೈಲಹೊಂಗಲದಲ್ಲಿ ಬಹಳ ಹೊತ್ತು ನಿಂತೆವು. ಈಗ ಸವದತ್ತಿಯ ದಾರಿ ಹಿಡಿಯೋಣ.

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಅದು ರಟ್ಟ ಅರಸರ ರಾಜಧಾನಿಯಾಗಿತ್ತು. ಮುಂದೆ ಅವರು ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ ಒಯ್ದರು. ಬೆಳಗಾವಿಯಲ್ಲಿ ಸಿಕ್ಕ, 1204ರ ರಟ್ಟ ಕಾರ್ತವೀರ್ಯನ ಕಾಲದ ಶಾಸನವೊಂದು ಜೈನ ಬಸದಿಗೆ ಬಿಟ್ಟ ದಾನಗಳನ್ನು ಹೇಳುತ್ತದೆ. ಅದರಲ್ಲಿ ವರ್ತಕರು ತಮ್ಮ ಮಾಲಿನ ಮೇಲೆ ಕೊಡಬೇಕಾದ ಪಾಲಿನ ಮಾತೂ ಬರುತ್ತದೆ. ಪೇಟೆಗೆ ಬಂದ ಮಾಲಿನ ಮೇಲೆ ಸುಂಕ ಎತ್ತುವ ಪದ್ಧತಿ 800 ವರ್ಷಗಳಿಂದಲೂ ಇದೆ ಎಂದಾಯಿತು. ಇವತ್ತು ಅದರ ಹೆಸರು ಜಕಾತಿ. ಸಂತೆಯ ಕರ ಎತ್ತುವ ಹಕ್ಕನ್ನು ಊರಿನ ಆಡಳಿತ ವರ್ಷಕ್ಕೊಮ್ಮೆ ಹರಾಜು ಹಾಕುತ್ತದೆ. ಹಿಡಿದವನ ಆಳು ರಸೀತಿ ಪುಸ್ತಕ ಹಿಡಿದು ಬುಟ್ಟಿಯಿಂದ ಬುಟ್ಟಿಗೆ ಬರುತ್ತಾನೆ. ಈ ಜಕಾತಿಯ ಮಾತನ್ನು ನೆನಪಿಡಿ. ಇದಕ್ಕೆ ನಾನು ತಿರುಗಿ ಬರುತ್ತೇನೆ.

ಸವದತ್ತಿ ಎಂದರೆ ಯಲ್ಲಮ್ಮನ ಗುಡ್ಡ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಕರ್ನಾಟಕದಿಂದ, ಮಹಾರಾಷ್ಟ್ರದಿಂದ, ಆಂಧ್ರದ ಕಡೆಯಿಂದ. ‘ಉಧೋ ಉಧೋ’ ಎಂಬ ದನಿ ಗುಡ್ಡವನ್ನು ತುಂಬುತ್ತದೆ. ಗಾಳಿಯೆಲ್ಲ ಬಂಡಾರದ ವಾಸನೆ. ಜಾತ್ರೆಯ ಪೇಟೆಯಲ್ಲಿ ಬಳೆ, ಕುಂಕುಮ, ಬಂಡಾರ, ಕಾಯಿ, ಬಾಳೆಹಣ್ಣು. ಆದರೆ ಜಾತ್ರೆಯ ಪೇಟೆಯ ನಡತೆ ಬೇರೆ. ಅಲ್ಲಿ ಕೊಳ್ಳುವವನು ಮುಂದಿನ ವಾರ ಬರುವುದಿಲ್ಲ. ಆದ್ದರಿಂದ ಅಲ್ಲಿ ಕೊಸರೂ ಕಡಿಮೆ. ಸಂತೆಯ ಪ್ರಾಮಾಣಿಕತೆಗೆ ಬಹುಪಾಲು ಕಾರಣ ಅದು ವಾರಕ್ಕೊಮ್ಮೆ ಬರುವುದು. ಇವತ್ತು ಕೊಳೆತ ಉಳ್ಳಾಗಡ್ಡಿ ಕೊಟ್ಟರೆ ಏಳು ದಿನಕ್ಕೆ ಉತ್ತರ ಹೇಳಬೇಕು.

ಸವದತ್ತಿಯಿಂದ ರಾಮದುರ್ಗ. 1948ರವರೆಗೆ ಇದೊಂದು ಸಣ್ಣ ಸಂಸ್ಥಾನ. ಇದರ ಸೀಮೆಯ ಸುರೇಬಾನದಲ್ಲಿ ಕೈಮಗ್ಗದ ಸದ್ದು ಕೇಳಿದವರು ಮರೆಯುವುದಿಲ್ಲ. ‘ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದ’ ಎಂಬ ಗಾದೆಯನ್ನು ನಾವು ಕೊನೆ ಗಳಿಗೆಯಲ್ಲಿ ಕೆಲಸಕ್ಕೆ ಕೈ ಹಾಕುವವರಿಗೆ ಹೇಳುತ್ತೇವೆ. ನೇಕಾರರ ಓಣಿಯಲ್ಲಿ ನಿಂತು ಆ ಗಾದೆ ನೆನಪಿಸಿಕೊಂಡಾಗ ನನಗೆ ಬೇರೆಯೇ ಅರ್ಥ ಹೊಳೆಯಿತು. ನೇಯುವವನಿಗೆ ಸಂತೆ ಒಂದು ಗಡುವು. ಅಷ್ಟರೊಳಗೆ ಸೀರೆ ಮುಗಿದರೆ ಮನೆಗೆ ಜೋಳ ಬರುತ್ತದೆ. ಮುಗಿಯದಿದ್ದರೆ ಇನ್ನೊಂದು ವಾರ ಸಾಲ. ಆ ಮೂರು ಮೊಳದ ಹಿಂದೆ ಅವಸರವೂ ಇದೆ, ಹಸಿವೂ ಇದೆ. ಇಂದು ಕೂಲಿಗೆ ನೇಯುವವನು ತಾನು ನೇಯ್ದ ಸೀರೆಯ ಬೆಲೆ ಹೇಳುವುದಿಲ್ಲ. ನೂಲು ಕೊಟ್ಟ ಸಾವುಕಾರ ಹೇಳುತ್ತಾನೆ. ಹತ್ತಿ ಬೆಳೆದವನ ಕಥೆಯೇ ಸೀರೆ ನೇಯ್ದವನ ಕಥೆ. ಎಳೆ ಒಂದೇ.

ನಾಲ್ಕೂ ಊರು ಸುತ್ತಿ ಬಂದೆವು. ನೆಲದ ಮೇಲೆ ಕೂತ ಹೆಣ್ಣುಮಗಳಿಗೆ ಇರುವ ಒಂದು ಹಕ್ಕು ಹತ್ತಿ ಬೆಳೆದವನಿಗೆ ಇಲ್ಲ, ಕೂಲಿಗೆ ನೇಯುವವನಿಗೂ ಇಲ್ಲ. ಅದು ಬೆಲೆ ಹೇಳುವ ಹಕ್ಕು. ಹಾಗಾದರೆ ಆ ಹೆಣ್ಣುಮಗಳನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ?

ಕೇಳುಗರೆ, ಇಲ್ಲಿ ನನ್ನ ಮನಸ್ಸು ಭಾರವಾಗುತ್ತದೆ. ನನ್ನ ತಾಯಿ ಸಂತೆಯ ದಿನ ನೀರು ಕುಡಿಯುತ್ತಿರಲಿಲ್ಲ. ಬೆಳಗಿನ ಚಹ ಬಿಟ್ಟರೆ ಸಂಜೆ ಮನೆಗೆ ಬರುವವರೆಗೆ ಒಂದು ಗುಟುಕು ಇಲ್ಲ. ಬಾಯಾರುತ್ತಿರಲಿಲ್ಲ ಎಂದಲ್ಲ. ಕುಡಿದರೆ ಹೋಗಲು ಜಾಗ ಇರಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ತಲೆಯ ಮೇಲೆ ಸೆರಗು ಬಿಟ್ಟರೆ ಬೇರೆ ನೆರಳಿಲ್ಲದೆ, ಹತ್ತು ತಾಸು. ಮೂತ್ರದ ಉರಿಯಿಂದ ಅವಳು ನರಳಿದ್ದನ್ನು ನಾನು ನೋಡಿದ್ದೇನೆ. ಅದು ಸಂತೆ ಕೊಟ್ಟ ರೋಗ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇವತ್ತಿಗೂ ಸಂತೆಯಲ್ಲಿ ಕೂತ ಹೆಣ್ಣುಮಕ್ಕಳನ್ನು ಮೆಲ್ಲಗೆ ಕೇಳಿ ನೋಡಿ. ಅನೇಕರು ಇದೇ ಮಾತು ಹೇಳುತ್ತಾರೆ.

ಈಗ ಜಕಾತಿಯ ಮಾತಿಗೆ ಬರುತ್ತೇನೆ. ಮಳೆ ಇರಲಿ ಬಿಸಿಲು ಇರಲಿ, ಬುಟ್ಟಿ ಇಟ್ಟವಳು ಕರ ಕೊಡುತ್ತಾಳೆ. ಕರ ಕೊಟ್ಟವಳಿಗೆ ನೆರಳು, ನೀರು, ಶೌಚಾಲಯ ಇರಬೇಡವೆ? ಇದು ದಯೆಯ ಮಾತಲ್ಲ. ಕೊಟ್ಟ ದುಡ್ಡಿನ ಲೆಕ್ಕ.

ಕಾನೂನು ಅವಳ ಪರವಾಗಿದೆ. 2014ರಲ್ಲಿ ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ಕಾಯಿದೆ ಬಂತು. ಪಟ್ಟಣಗಳಲ್ಲಿ ಮಾರುವವರೂ ಕೊಳ್ಳುವವರೂ ಬಹುಕಾಲದಿಂದ ಸೇರುತ್ತ ಬಂದಿರುವ ಜಾಗಗಳನ್ನು ಆ ಕಾಯಿದೆ ಸ್ವಾಭಾವಿಕ ಮಾರುಕಟ್ಟೆ ಎಂದು ಗುರುತಿಸುತ್ತದೆ. ಪ್ರತಿ ಪಟ್ಟಣಕ್ಕೂ ಒಂದು ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ 100ಕ್ಕೆ 40ರಷ್ಟಾದರೂ ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಆ ವ್ಯಾಪಾರಿಗಳಲ್ಲಿ ಮೂರರಲ್ಲಿ ಒಬ್ಬರು ಹೆಂಗಸರಾಗಿರಬೇಕು. ಅಂದರೆ ನೆರಳು ಎಲ್ಲಿ ಬೇಕು, ನಲ್ಲಿ ಎಲ್ಲಿ ಬೇಕು ಎಂದು ಹೇಳಲು ಪುಂಡಿಪಲ್ಲೆ ಮಾರುವವಳಿಗೆ ಒಂದು ಕುರ್ಚಿ ಉಂಟು.

ಇದೊಂದೇ ಅಲ್ಲ. ಕೃಷಿ ವಿಜ್ಞಾನಿ ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗ 2006ರಲ್ಲೇ ಒಂದು ಮಾತು ಹೇಳಿತು. ರೈತನಿಗೆ ಸುಮಾರು 5 ಕಿಲೋಮೀಟರ್ ಒಳಗೆ ಒಂದು ಮಾರುಕಟ್ಟೆ ಸಿಗಬೇಕು ಎಂದಿತು. 2018ರ ಕೇಂದ್ರ ಬಜೆಟ್ಟು ಇನ್ನೂ ಒಂದು ಮಾತು ಹೇಳಿತು. ದೇಶದ ರೈತರಲ್ಲಿ 100ಕ್ಕೆ 86 ಮಂದಿ ಸಣ್ಣ ಮತ್ತು ಅತಿ ಸಣ್ಣ ಹಿಡುವಳಿಯವರು, ಅವರಿಗೆ ದೊಡ್ಡ ಮಾರುಕಟ್ಟೆಗಳು ಎಟುಕುವುದಿಲ್ಲ ಎಂದಿತು. ಅದಕ್ಕಾಗಿ 22,000 ಗ್ರಾಮೀಣ ಸಂತೆಗಳನ್ನು ಸುಧಾರಿಸುವುದಾಗಿ ಹೇಳಿತು. ನೆರೆಯ ತಮಿಳುನಾಡಿನಲ್ಲಿ 1999ರ ನವೆಂಬರಿನಲ್ಲಿ ಮದುರೆಯಿಂದ ಉಳವರ್ ಸಂದೈ ಶುರುವಾಯಿತು. ಹಾಗೆಂದರೆ ಉಳುವವರ ಸಂತೆ. ಅಲ್ಲಿ ರೈತನಿಗೆ ಗುರುತಿನ ಚೀಟಿ ಕೊಟ್ಟರು, ಕೂರಲು ಮಾಡಿನ ಕೆಳಗೆ ಜಾಗ ಕೊಟ್ಟರು. ಒಂದು ಕೊರತೆಯನ್ನೂ ಹೇಳಬೇಕು. ಅಲ್ಲಿ ದಿನದ ಬೆಲೆಯನ್ನು ಅಧಿಕಾರಿಗಳು ಹಲಗೆಯ ಮೇಲೆ ಬರೆಯುತ್ತಾರೆ. ನಮ್ಮ ಸಂತೆಗೆ ಆ ಮಾಡು ಬೇಕು. ಆ ಹಲಗೆ ಬೇಡ. ಬೆಲೆ ನಮ್ಮ ತಾಯಂದಿರ ಬಾಯಲ್ಲೇ ಇರಲಿ.

ಒಂದು ಒಳ್ಳೆಯ ಬದಲಾವಣೆಯನ್ನೂ ಹೇಳುತ್ತೇನೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸು ಹೆಂಗಸರಿಗೆ ಉಚಿತವಾಯಿತು. ಎರಡು ಬುಟ್ಟಿ ಸೊಪ್ಪು ಮಾರುವವಳಿಗೆ ಹೋಗಿ ಬರುವ ಚಾರ್ಜು ಸಣ್ಣ ಮೊತ್ತವಲ್ಲ. ಅದು ಉಳಿದರೆ ಅರ್ಧ ಬುಟ್ಟಿ ಮಾರಿದಷ್ಟೇ ಆಯಿತು. ಈಗ ಇಬ್ಬರು ನೆರೆಹೊರೆಯವರು ಮಾತಾಡಿಕೊಂಡು, ಒಬ್ಬಳು ಬೈಲಹೊಂಗಲಕ್ಕೆ, ಒಬ್ಬಳು ಕಿತ್ತೂರಿಗೆ ಹೋಗಿ, ಯಾವ ಸಂತೆಯಲ್ಲಿ ಬೆಲೆ ಚೆನ್ನಾಗಿದೆ ಎಂದು ನೋಡಿಕೊಳ್ಳಬಹುದು.

ಸಂತೆಯೊಳಗೆ ಮತ್ತೆ ಒಂದು ನಿಮಿಷ ನಿಲ್ಲಿ. ಸಂಜೆಯಾಗಿದೆ. ಗೋಣಿತಟ್ಟು ಮಡಚುವ ಸದ್ದು. ಉಳಿದ ಸೊಪ್ಪನ್ನು ದನಗಳಿಗೆ ಹಾಕುತ್ತಿದ್ದಾರೆ. ಸೊಂಟದ ಚೀಲ ಬಿಚ್ಚಿ ನೋಟು ಎಣಿಸುತ್ತಿದ್ದಾರೆ, ಎರಡು ಸಲ. ಆಮೇಲೆ ಅವರೇ ಕೊಳ್ಳುವವರಾಗುತ್ತಾರೆ. ಒಂದು ಪಾವು ಬೆಲ್ಲ, ಒಂದು ಪೊಟ್ಟಣ ಚುರುಮುರಿ, ಫುಟಾಣಿ. ಮನೆಯಲ್ಲಿ ಮಕ್ಕಳು ಬಾಗಿಲಲ್ಲಿ ನಿಂತಿರುತ್ತಾರೆ. ಜೊತೆಗೆ ಹೋಗದ ದಿನ ನಾನೂ ನಿಂತಿರುತ್ತಿದ್ದೆ.

ನಿಮ್ಮಲ್ಲಿ ನನ್ನದು ಎರಡು ಬೇಡಿಕೆ. ಮುಂದಿನ ಸಂತೆಯ ದಿನ ನೆಲದ ಮೇಲೆ ಕೂತವಳ ಹತ್ತಿರ ಮೊದಲು ಹೋಗಿ. ಅವಳು ಹೇಳಿದ ಬೆಲೆಗೇ ಕೊಳ್ಳಿ. ಕೊಸರು ಬೇಕಾದರೆ ಕೇಳಿ, ಅವಳು ಹಾಕುತ್ತಾಳೆ.

ಇನ್ನೊಂದು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕೇಳುಗರು ನಿಮ್ಮ ಪುರಸಭೆಗೆ, ಕಿತ್ತೂರಿನವರು ನಿಮ್ಮ ಪಟ್ಟಣ ಪಂಚಾಯಿತಿಗೆ, ಒಂದು ಪುಟದ ಅರ್ಜಿ ಬರೆಯಿರಿ. ಸಂತೆಯ ಬಯಲಿನಲ್ಲಿ ಹೆಂಗಸರ ಶೌಚಾಲಯ, ಕುಡಿಯುವ ನೀರು, ನೆರಳಿನ ಮಾಡು ಇವೆಯೆ, ಇಲ್ಲದಿದ್ದರೆ ಯಾವಾಗ ಆಗುತ್ತವೆ ಎಂದು ಕೇಳಿ. ವ್ಯಾಪಾರ ಸಮಿತಿಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರು ಎಷ್ಟು ಮಂದಿ ಇದ್ದಾರೆ ಎಂದು ಕೇಳಿ. ಅರ್ಜಿಗೆ ಹತ್ತು ಜನರ ಸಹಿ ಇರಲಿ. ಬೇಸಿಗೆ ಬರುವ ಮೊದಲೇ ಕಳಿಸಿ.